ಹೆಜಮಾಡಿಯ ನೀಲಿ ದೋಣಿ ನೇರಳೆಯಾದದ್ದು

ಕಳೆದ ವಾರ ನನ್ನ ಅಂಗಡಿಯೊಳಗೆ ಒಂದು ದೋಣಿ ಬಣ್ಣ ಬದಲಾಯಿಸಿತು.

ಕಂಪ್ಯೂಟರಿನಲ್ಲಿ ಇದ್ದಾಗ ನೀಲಿ. ಪ್ರಿಂಟರಿನಿಂದ ಹೊರಗೆ ಬರುವಾಗ ನೇರಳೆ. ನಡುವೆ ಇರುವುದು ಒಂದು ಕೇಬಲ್. ಅಷ್ಟು ದಾರಿಯಲ್ಲಿ ಅದಕ್ಕೆ ಎಂಥದು ಆಯಿತು?

ಕಾಪುವಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇರುವುದು ಈ ಅಂಕಣದ ಓದುಗರಿಗೆ ಗೊತ್ತು. (ಹೊಸಬರಿಗೆ: ಮದುವೆ ಕಾಗದ, ಬ್ಯಾನರ್, ಲ್ಯಾಮಿನೇಶನ್. ಗೋಡೆಯ ಮೇಲೆ ಫ್ರೇಮಿನಲ್ಲಿ ನನ್ನ ಪದವಿ ಪತ್ರ. ಬೀಡಿ ಕಟ್ಟುವ ಮನೆಯಿಂದ ಕಾರ್ಕಳದ ಕಾಲೇಜಿಗೆ ಬಸ್ಸಿನಲ್ಲಿ ನಿಂತು ಹೋಗಿ ಪಡೆದದ್ದು. ನಮ್ಮ ಕುಟುಂಬದಲ್ಲಿ ಮೊದಲನೆಯದು. ಅದನ್ನು ಕಪಾಟಿನಲ್ಲಿ ಇಡುವಷ್ಟು ವಿನಯ ನನಗಿಲ್ಲ.)

ದಯಣ್ಣ ಹೆಜಮಾಡಿಯ ಮೀನುಗಾರರು. ಹಳೆಯ ಮರದ ದೋಣಿ ಬಿಟ್ಟು ಹೊಸ ಫೈಬರ್ ದೋಣಿ ಮಾಡಿಸಿದ್ದಾರೆ. ಶುಕ್ರವಾರ ಅದನ್ನು ನೀರಿಗೆ ಇಳಿಸುವ ಕಾರ್ಯಕ್ರಮ. ಆಮಂತ್ರಣಕ್ಕೆಂದು ದೋಣಿಯ ಫೋಟೋ ಕಳಿಸಿದರು. ನಾನು ಕಾರ್ಡ್ ತಯಾರಿಸಿ ಅವರ ಮೊಬೈಲಿಗೆ ಕಳಿಸಿದೆ. "ಫಸ್ಟ್ ಕ್ಲಾಸ್" ಎಂದರು. ಮೊಬೈಲಿನಲ್ಲಿ ಕಂಡದ್ದಕ್ಕೆ ಒಪ್ಪಿಗೆ ಕೊಡುವುದು, ಒಪ್ಪಿಗೆ ಸಿಕ್ಕಿದ ಕೂಡಲೇ ಪ್ರಿಂಟ್ ಒತ್ತುವುದು. ಈಗ ನಮ್ಮೆಲ್ಲರ ಕೆಲಸವೂ ಹೀಗೇ ಅಲ್ಲವೇ?

ಕಾರ್ಡ್ ಒಯ್ದ ಮರುದಿನವೇ ಆ ಕಟ್ಟು ಹಿಡಿದುಕೊಂಡು ವಾಪಸು ಬಂದರು. (ಮಾತು ನಡೆದದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ.)

"ಎಂತ ಮಾರಾಯ್ತಿ ಇದು? ನನ್ನ ದೋಣಿಗೆ ನೇರಳೆ ಹಣ್ಣು ತಿನ್ನಿಸಿದ್ದೀಯಾ?"

"ಪರದೆಯಲ್ಲಿ ನೀಲಿಯೇ ಉಂಟಲ್ಲ ದಯಣ್ಣ, ನೋಡಿ."

"ನಿನ್ನ ಪರದೆಯನ್ನು ಊರಿಗೆ ಹಂಚಲಿಕ್ಕೆ ಆಗ್ತದಾ?"

ತಮಾಷೆ ಅಲ್ಲಿಗೇ ಮುಗಿಯಿತು. ಅವರ ಅಮ್ಮ ಜಲಜಕ್ಕ ಕಾರ್ಡ್ ನೋಡಿ, "ಇದು ನಮ್ಮ ದೋಣಿ ಅಲ್ಲ, ನಾನು ಬರುವುದಿಲ್ಲ" ಎಂದು ಹಟ ಹಿಡಿದು ಕೂತಿದ್ದರು. ಅವರ ಗಂಡನ ಕಾಲದಿಂದಲೂ ಆ ಮನೆಯ ದೋಣಿಗೆ ಒಂದೇ ನೀಲಿ. ದಡದಲ್ಲಿ ನಿಂತು ಆ ಬಣ್ಣ ಕಂಡ ಮೇಲೆಯೇ ಅವರು ಮೀನಿನ ಬುಟ್ಟಿ ಎತ್ತಿಕೊಳ್ಳುತ್ತಿದ್ದದ್ದು. ಹೊಸದಕ್ಕೂ ಅದೇ ನೀಲಿ ಎಂದು ಮಗ ಮಾತು ಕೊಟ್ಟ ಮೇಲೆ ಹಳೆಯದನ್ನು ಬಿಡಲು ಒಪ್ಪಿದ್ದರು. ಈಗ ಮಗ ಮಾತು ತಪ್ಪಿದ ಎಂದು ಕಾರ್ಡೇ ಸಾಕ್ಷಿ ಹೇಳುತ್ತಿತ್ತು. ದೋಣಿಯ ಮೂತಿಗೆ ಮೊದಲ ಹಾಲು ಎರೆಯಬೇಕಾದವರು ಅವರೇ.

"ದೋಣಿ ಕಟ್ಟುವ ಯಾರ್ಡಿಗೆ ಕರೆದುಕೊಂಡು ಹೋಗಿ ದೋಣಿಯನ್ನೇ ತೋರಿಸಿ" ಎಂದೆ.

"ನೀರಿಗೆ ಇಳಿಯದ ದೋಣಿಯನ್ನು ನೋಡುವ ಕ್ರಮ ನಮ್ಮ ಮನೆಯ ಹೆಂಗಸರಿಗೆ ಇಲ್ಲ."

(ಫೋಟೋಕ್ಕೆ ಅಡ್ಡಿ ಇಲ್ಲವಂತೆ. ಕ್ರಮ ಮಾಡಿದವರಿಗೆ ಮೊಬೈಲ್ ಗೊತ್ತಿರಲಿಲ್ಲ.)

ಮೊದಲು ಸಂಶಯ ಬಂದದ್ದು ಪ್ರಿಂಟರಿನ ಮೇಲೆ. ಶಾಯಿ ಚಿಮ್ಮುವ ತೂತು ಎಲ್ಲಾದರೂ ಕಟ್ಟಿದೆಯೇ ಎಂದು ನೋಝಲ್ ಚೆಕ್ ಮಾಡಿದೆ. ಗೆರೆಗಳೆಲ್ಲ ತುಂಡಾಗದೆ ಬಂದವು. ಶಾಯಿ ಸರಿ, ಕಾಗದ ಸರಿ. ಸೆಟ್ಟಿಂಗ್ ತೆರೆದಾಗ ಕಳ್ಳ ಸಿಕ್ಕಿದ. ಬಣ್ಣ ತಿದ್ದುವ ಕೆಲಸವನ್ನು ಸಾಫ್ಟ್‌ವೇರೂ ಮಾಡುತ್ತಿತ್ತು, ಪ್ರಿಂಟರೂ ಮಾಡುತ್ತಿತ್ತು. ಒಂದೇ ಸಾಂಬಾರಿಗೆ ಅತ್ತೆಯೂ ಸೊಸೆಯೂ ಉಪ್ಪು ಹಾಕಿದ ಹಾಗೆ. ಪ್ರಿಂಟರನ್ನು ಸುಮ್ಮನಿರಿಸಿದೆ. ನೇರಳೆ ಸ್ವಲ್ಪ ಇಳಿಯಿತು. ಹೋಗಲಿಲ್ಲ.

ಕೊನೆಗೆ, ಮುದ್ರಣದಲ್ಲಿ ಬಾರದ ಬಣ್ಣಗಳು ಯಾವುವು ಎಂದು ತೋರಿಸುವ ಆಯ್ಕೆಯನ್ನು ಒತ್ತಿದೆ. ಅಂಥ ಜಾಗಗಳನ್ನೆಲ್ಲ ಸಾಫ್ಟ್‌ವೇರ್ ಬೂದಿ ಬಣ್ಣದಿಂದ ಮುಚ್ಚುತ್ತದೆ. ಆಕಾಶ ಉಳಿಯಿತು. ಹಿಂದಿನ ತೆಂಗಿನ ಮರ ಉಳಿಯಿತು. ದೋಣಿ ಮಾತ್ರ ಮೂತಿಯಿಂದ ತುದಿಯವರೆಗೆ ಬೂದಿ ಬಣ್ಣವಾಯಿತು, ಮಂಜಿನೊಳಗೆ ಹೊಕ್ಕ ಹಾಗೆ. ದಯಣ್ಣ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು. ಕಣ್ಣೆದುರೇ ಇರುವ ಒಂದು ನೀಲಿ ಕಾಗದಕ್ಕೆ ಇಳಿಯುವುದೇ ಇಲ್ಲ ಎಂದರೆ ಅದು ಎಲ್ಲಿಯದು?

ಕಾರಣವೇನೋ ಸರಳ. ಪರದೆಯ ನೀಲಿ ಬೆಳಕು. ಕಾಗದದ ನೀಲಿ ಶಾಯಿ. ನನ್ನ ಪ್ರಿಂಟರಿನಲ್ಲಿ ಅಚ್ಚ ನೀಲಿ ಶಾಯಿಯೇ ಇಲ್ಲ. ಸಯಾನ್ ಎಂಬ ತಿಳಿನೀಲಿಗೆ ಮಜೆಂಟಾ ಎಂಬ ಕಡುಗುಲಾಬಿ ಸೇರಿಸಿ ನೀಲಿ ಬರಿಸಬೇಕು. ಗುಲಾಬಿ ಕೈಮೀರಿದರೆ ನೇರಳೆ. ಹಾಗಾಗಿ ಫೈಲನ್ನು ಮುದ್ರಣದ ನಾಲ್ಕು ಬಣ್ಣಗಳ ಲೆಕ್ಕಕ್ಕೆ, ಅಂದರೆ ಸಿಎಂವೈಕೆಗೆ, ಬದಲಾಯಿಸಿ ಮಜೆಂಟಾ ಇಳಿಸುತ್ತಾ ಬಂದೆ. ಇದನ್ನು ಯಾರೂ ನನಗೆ ಕೈ ಹಿಡಿದು ಕಲಿಸಿಲ್ಲ. ಓದಿ, ಕೆಡಿಸಿ, ಮತ್ತೆ ಓದಿ ಕಲಿತದ್ದು.

ದಯಣ್ಣ ಮನೆಗೆ ಹೋಗಿ ದೋಣಿಗೆ ಬಳಿದ ಪೇಂಟಿನ ಡಬ್ಬದ ಮುಚ್ಚಳ ತಂದರು. ಬರುವಾಗ, ಬೈದು ಗದರಿ, ಅಮ್ಮನನ್ನೂ ರಿಕ್ಷಾದಲ್ಲಿ ಕೂರಿಸಿಕೊಂಡು ಬಂದರು. ಅಷ್ಟರಲ್ಲಿ ಮೂರು ಕಾರ್ಡ್ ತೆಗೆದಿದ್ದೆ. ಒಂದರಲ್ಲಿ ಇನ್ನೂ ನೇರಳೆಯ ನೆರಳು. ಇನ್ನೊಂದು ತಕ್ಕಮಟ್ಟಿಗೆ ಒಳ್ಳೆಯ ನೀಲಿ. ಮೂರನೆಯದರಲ್ಲಿ ಮಜೆಂಟಾ ಅತಿಯಾಗಿ ಇಳಿದು, ಮಂಕಾಗಿ, ಹಸಿರು ಮಿಶ್ರ ಬೂದುನೀಲಿ. ಅದು ರದ್ದಿಗೆ ಎಂದು ಬದಿಗಿಟ್ಟಿದ್ದೆ.

ಟ್ಯೂಬ್‌ಲೈಟ್ ಬೆಳಕನ್ನು ನಂಬಬಾರದು. ಎಲ್ಲರೂ ಮೆಟ್ಟಿಲಿಗೆ ಬಂದೆವು. ಬಿಸಿಲಿನಲ್ಲಿ ಮುಚ್ಚಳ ಹಿಡಿದು ನೋಡಿದರೆ ಎರಡನೆಯದು ಹತ್ತಿರ ಹತ್ತಿರ ಸರಿ. ನನಗೆ ಸಮಾಧಾನವಾಯಿತು. ಜಲಜಕ್ಕ ಕಾರ್ಡನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಅಲ್ಲ ಎಂದು ತಲೆಯಾಡಿಸಿದರು.

"ಇಷ್ಟು ಹತ್ತಿರದಿಂದ ನಾನು ದೋಣಿ ನೋಡಿದ್ದು ಯಾವಾಗ? ಏ ದಯಾ, ಇದನ್ನೆಲ್ಲ ತಕ್ಕೊಂಡು ಆಚೆ ಹೋಗು."

"ಎಲ್ಲಿಗೆ ಅಮ್ಮ?"

"ರಸ್ತೆಯ ಆಚೆ. ಆ ಗೋಡೆಯ ಹತ್ತಿರ ನಿಲ್ಲು."

ದಯಣ್ಣ ರದ್ದಿಯದ್ದೂ ಸೇರಿ ಮೂರೂ ಕಾರ್ಡ್ ತಕ್ಕೊಂಡು ರಸ್ತೆ ದಾಟಿ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ನಿಂತರು. ಒಂದೊಂದೇ ಕಾರ್ಡ್ ಎತ್ತಿ ಹಿಡಿದರು. ಸ್ಕೂಟರಿನವನೊಬ್ಬ ನಿಧಾನ ಮಾಡಿ ನೋಡಿ ಹೋದ.

"ಅಲ್ಲಿಂದ ನಿನಗೆ ಎಂತ ಕಾಣ್ತದಮ್ಮ?"

"ನಿನ್ನ ಅಪ್ಪನೂ ಇದನ್ನೇ ಕೇಳುತ್ತಿದ್ದದ್ದು. ಹಿಡಿ ಸುಮ್ಮನೆ."

ಅಷ್ಟು ದೂರದಲ್ಲಿ ಕಾರ್ಡಿನ ಅಕ್ಷರ ಕಾಣುತ್ತಿರಲಿಲ್ಲ. ಬಿಸಿಲಿಗೆ ಟಾರಿನ ಮೇಲಿನ ಗಾಳಿ ನೀರಿನ ಹಾಗೆ ಅಲುಗುತ್ತಿತ್ತು. ಅದರಾಚೆ, ದಡದಿಂದ ನೋಡಿದರೆ ದೋಣಿ ಎಷ್ಟು ಕಾಣುತ್ತದೋ ಅಷ್ಟೇ ಒಂದು ಬಣ್ಣದ ಚುಕ್ಕೆ. ಮೊದಲನೆಯದಕ್ಕೆ ಜಲಜಕ್ಕ ಮಾತಾಡಲಿಲ್ಲ. ಎರಡನೆಯದಕ್ಕೂ ಇಲ್ಲ. ರದ್ದಿಗಿಟ್ಟಿದ್ದ ಮೂರನೆಯದು ಮೇಲೆ ಬಂದಾಗ ಅವರ ಕೈ ತಾನಾಗಿ ಪಕ್ಕಕ್ಕೆ ಹೋಯಿತು, ಅಲ್ಲಿ ಬುಟ್ಟಿ ಇದೆ ಎಂಬಂತೆ.

"ಅದು ನಮ್ಮದು" ಎಂದರು.

ದಯಣ್ಣ ಓಡಿ ಬಂದರು. "ಅಮ್ಮ, ಇದು ಮಂಕು ಬಣ್ಣ. ಬಳಿದದ್ದು ಈ ಮುಚ್ಚಳದ ನೀಲಿ, ಸರಿ ನೋಡು."

"ಮುಚ್ಚಳವೂ ನಮ್ಮದೇ. ಅದು ಅಷ್ಟು ದೂರ ಹೋದರೆ ಹೀಗೇ ಆಗ್ತದೆ. ಉಪ್ಪುಗಾಳಿ ನಡುವೆ ಉಂಟಲ್ಲ."

"ಹತ್ತಿರದಿಂದ ನೋಡುವವರು ಕೇಳಿದರೆ?"

"ಹತ್ತಿರ ಬಂದ ಮೇಲೆ ಬಣ್ಣ ಯಾರಿಗೆ ಬೇಕು ಮಾರಾಯ? ಮುಖವೇ ಕಾಣ್ತದಲ್ಲ."

ಶುಕ್ರವಾರ ಬರುತ್ತೇನೆ ಎಂದು ನನಗೆ ಹೇಳಿದರು, ಮಗನಿಗಲ್ಲ. ನಾನು ಮೂರನೆಯದನ್ನೇ ಪ್ರಿಂಟಿಗೆ ಹಾಕಿದೆ. ಈ ಸಲ ಸಾಫ್ಟ್‌ವೇರ್ ದೋಣಿಯನ್ನು ಬೂದಿ ಬಣ್ಣದಿಂದ ಮುಚ್ಚಲಿಲ್ಲ. ಕಾಗದ ಕೊಡಲು ಸಾಧ್ಯವಿದ್ದ ಬಣ್ಣವನ್ನೇ ಅವರು ಕೇಳಿದ್ದರು.

ಹೆಜಮಾಡಿಗೆ ನಾನೂ ಹೋಗಿದ್ದೆ. ಜಲಜಕ್ಕ ಹಾಲು ಎರೆದರು. ದಡದಲ್ಲಿದ್ದಾಗ ದೋಣಿ ಕಣ್ಣು ಕುಕ್ಕುವಷ್ಟು ನೀಲಿ, ಥೇಟ್ ನನ್ನ ಪರದೆಯ ಹಾಗೆ. ದಯಣ್ಣ ಹಗ್ಗ ಎಳೆದು ಎಂಜಿನ್ ಶುರು ಮಾಡಿದರು. ಮೊದಲ ತೆರೆ ದಾಟುವಾಗಲೇ ಹೊಳಪು ಇಳಿಯಿತು. ಇನ್ನಷ್ಟು ದೂರ ಹೋದಾಗ ಅದು ಸಮುದ್ರದ್ದೂ ಅಲ್ಲ, ಆಕಾಶದ್ದೂ ಅಲ್ಲ ಎಂಬಂಥ ಒಂದು ಬೂದುನೀಲಿ. ಚೀಲದಿಂದ ಕಾರ್ಡ್ ತೆಗೆದು ಅದರ ಪಕ್ಕಕ್ಕೆ ಹಿಡಿದೆ. ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಪಕ್ಕದಲ್ಲಿ ಜಲಜಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅವರಿಗೆ ಕಾರ್ಡ್ ಬೇಕಿರಲಿಲ್ಲ.

ಈಗ ಬಣ್ಣ ಸರಿಯಿಲ್ಲ ಎಂದು ಯಾರೇ ಬಂದರೂ ಸೆಟ್ಟಿಂಗ್ ತೆರೆಯುವ ಮೊದಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಇದನ್ನು ಕಾಯುತ್ತಿರುವವರು ಎಷ್ಟು ದೂರದಲ್ಲಿ ನಿಂತಿದ್ದಾರೆ?