ಬೆಳಗ್ಗೆ ಏಳರ ಬಿ.ಕಾಂ.

ತೊಂಬತ್ತರ ದಶಕದಲ್ಲಿ ನಾನು ಪೀಣ್ಯದ ಹತ್ತಿರ ಒಂದು ಸರ್ಕಾರಿ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಿದ್ದೆ. ತುಮಕೂರು ರಸ್ತೆಯಲ್ಲಿ ಹೊಸ ಖಾಸಗಿ ಕಾಲೇಜು ಎದ್ದದ್ದೇ ತಡ, ನಮ್ಮ ಬೆಂಚುಗಳು ಖಾಲಿಯಾಗತೊಡಗಿದವು. ಅವರಲ್ಲಿ ಟೈ ಇತ್ತು, ಬಸ್ಸಿತ್ತು. ನಮ್ಮಲ್ಲಿ ತಗಡಿನ ಚಾವಣಿ. "ಗೌರ್ಮೆಂಟ್ ಕಾಲೇಜಾ? ಅಲ್ಲೇನ್ ಕಲಿಸ್ತಾರೆ ಬಿಡಿ," ಎಂದು ನಮ್ಮ ಮನೆ ಓನರ್ ಆಂಟಿ ಮುಖಕ್ಕೇ ಹೇಳಿದರು. ಮೈ ಉರಿದುಹೋಯಿತು. ಅಲ್ಲಿ ಕಲಿಸುವವಳು ಎದುರಿಗೇ ನಿಂತಿದ್ದೇನಲ್ಲ!

ಹೀಗೇ ಆದರೆ ಬಿ.ಕಾಂ. ಮುಚ್ಚುತ್ತೇವೆ ಎಂದಿತು ಇಲಾಖೆ. ಅದು ಹೇಗೆ ಮುಚ್ಚುತ್ತಾರೋ ನೋಡೇಬಿಡೋಣ ಎಂದುಕೊಂಡೆ.

ಒಂದು ಮಧ್ಯಾಹ್ನ ಕಾರ್ಖಾನೆ ಗೇಟಿನ ಟೀ ಅಂಗಡಿಗೆ ಹೋದೆ. ಸೆಕೆಂಡ್ ಶಿಫ್ಟಿಗೆ ಬರುತ್ತಿದ್ದ ರಾಯಚೂರು, ಬಿಜಾಪುರದ ಕಡೆಯ ಹುಡುಗರಲ್ಲಿ ಎಷ್ಟೋ ಜನ ಪಿಯುಸಿ ಪಾಸಾದವರು. "ಮುಂದೆ ಯಾಕ್ರೋ ಓದಲಿಲ್ಲ?" ಎಂದೆ.

"ಕಾಲೇಜ್ ಬಿಡೂದು ನಾಕಕ್ಕ್ರಿ ಮೇಡಂ, ನಮ್ಮ ಶಿಫ್ಟ್ ಎರಡಕ್ಕ ಸುರು. ಹ್ಯಾಂಗ್ ಬರೂದ್ರಿ?"

ಏಳಕ್ಕೇ ತರಗತಿ ಶುರು ಮಾಡೋಣ ಎಂದು ಪ್ರಿನ್ಸಿಪಾಲರ ತಲೆ ತಿಂದೆ. "ಅಷ್ಟೊತ್ತಿಗೆ ಕಾಗೇನೂ ಬರಲ್ಲ ಕಣ್ರೀ," ಎಂದರು. "ಕಾಗೆ ಬೇಡ ಸಾರ್, ಹುಡುಗರು ಬರ್ತಾರೆ," ಎಂದೆ. ಬಂದರು. ಹಿಂದಿನ ರಾತ್ರಿ ಲೇತ್ ಯಂತ್ರದ ಮುಂದೆ ನಿಂತವರ ಕಣ್ಣುಗಳು ಕೆಂಪಗಿದ್ದವು, ಕೈ ಗ್ರೀಸ್ ನಾರುತ್ತಿತ್ತು. ಹನ್ನೊಂದಕ್ಕೆ ಪಾಠ ಮುಗಿಸಿ ರೂಮಿಗೋಡುತ್ತಿದ್ದರು.

ತನಿಖೆಗೆಂದು ಇಲಾಖೆಯ ಅಧಿಕಾರಿ ಬಂದದ್ದು ಹನ್ನೆರಡಕ್ಕೆ! ಖಾಲಿ ಬೆಂಚು ನೋಡಿ ನಕ್ಕರು. "ಬರೀ ಹೆಸರು ಸೇರಿಸ್ಕೊಂಡ್ರೆ ಸ್ಟೂಡೆಂಟ್ಸ್ ಆಗಲ್ಲಮ್ಮ. ಆ ಪ್ರೈವೇಟ್ ಕಾಲೇಜ್ ನೋಡಿ, ತುಂಬಿ ತುಳುಕ್ತಿದೆ. ಇದನ್ನ ಮುಚ್ಚೋದೇ ಸರಿ."

ಕೆಂಡಾಮಂಡಲವಾದೆ. "ನಾಳೆ ಏಳಕ್ಕೆ ಬನ್ನಿ ಸಾರ್. ಆಗ್ಲೂ ಖಾಲಿ ಇದ್ರೆ ಬೀಗ ನಾನೇ ಹಾಕ್ತೀನಿ." ಪ್ರಿನ್ಸಿಪಾಲರು ಸುಮ್ಮನಿರಿ ಎಂದು ಕಣ್ಸನ್ನೆ ಮಾಡುತ್ತಲೇ ಇದ್ದರು. ನಾನು ಆ ಕಡೆ ತಿರುಗಲೇ ಇಲ್ಲ.

ಮರುದಿನ ಏಳೂಕಾಲಿಗೆ ಅಧಿಕಾರಿಯ ಜೀಪು ಬಂತು. ನಾನು ಪಾಠ ನಿಲ್ಲಿಸಲಿಲ್ಲ. ಒಳಗೆ ಬಂದವರು ಕೂರಲು ಜಾಗ ಹುಡುಕಿದರು, ಎಲ್ಲೂ ಇರಲಿಲ್ಲ. ಮುಂದಿನ ಬೆಂಚಿನವನೊಬ್ಬ ಗಡಬಡಿಸಿ ಎದ್ದ.

"ನೀನ್ ಕೂತ್ಕೊಳ್ಳೋ," ಎಂದೆ. "ಮಧ್ಯಾಹ್ನದಿಂದ ರಾತ್ರಿವರೆಗೂ ನಿಂತೇ ಇರ್ತೀಯ. ಸಾರ್ ಸ್ವಲ್ಪ ನಿಂತ್ಕೋತಾರೆ."

ಪಾಠ ಮುಗಿಯುವವರೆಗೂ ಅವರು ನಿಂತೇ ಇದ್ದರು.