ಫರಸಿ ಕಲ್ಲಿನ ಕರಿಬೇವು

ಅವರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಅಂಗೈ ರೇಖೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಶಹಾಬಾದಿನ ಗಣಿಗಳಲ್ಲಿ ಹರೆಯದಿಂದಲೂ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸಿದವರು. ಕಲ್ಲು ಕೊಯ್ಯುವ ಮಶೀನಿನ ಸದ್ದಿಗೆ ಎರಡೂ ಕಿವಿ ಕಳೆದುಕೊಂಡಿದ್ದರು. ಅವರ ಮನೆಯ ಮಗ್ಗುಲಲ್ಲೇ ನಾನು ಮನೆ ಕಟ್ಟಿಸಿಕೊಂಡೆ. ಓಣಿಗೆಲ್ಲ ಕಾಕಾ, ನನಗೂ ಕಾಕಾ.

ನಾನು ಶಾಲಾ ಮಾಸ್ತರ. ಗಿಡದ ಹುಚ್ಚು ವಿಪರೀತ, ಕೈಗುಣ ಮಾತ್ರ ಸೊನ್ನೆ. ನಾನು ನೆಟ್ಟರೆ ತುಳಸಿಯೂ ಒಣಗುತ್ತದೆಂದು ಹೆಂಡತಿ ನಗುತ್ತಿದ್ದಳು. ಈ ಸಲ ಮಾತ್ರ ಅದು ನಗುವ ಮಾತಾಗಿರಲಿಲ್ಲ. ತೀರಿಹೋದ ಅವ್ವ ಚಿಂಚೋಳಿಯ ಮನೆಯಲ್ಲಿ ನೆಟ್ಟಿದ್ದ ಕರಿಬೇವಿನ ಗಿಡ ರಸ್ತೆ ಅಗಲ ಮಾಡುವಾಗ ಹೋಯಿತು. ಅದರ ಬುಡದ ಮೂರು ಮರಿಗಳನ್ನು ಕಿತ್ತು ತಂದಿದ್ದೆ. ಒಂದು ಕುಂಡದಲ್ಲೇ ಬಿಸಿಲಿಗೆ ಸುಟ್ಟುಹೋಯಿತು. ಇನ್ನೊಂದು ಬೇರು ಬಿಟ್ಟಿದೆಯೋ ಇಲ್ಲವೋ ಎಂದು ನಾನು ಮೇಲಿಂದ ಮೇಲೆ ಕಿತ್ತು ನೋಡಿದ್ದರಿಂದಲೇ ಸತ್ತಿತು. ಮೂರನೆಯದಕ್ಕೆ ಅಂಗಳದ ಕಲ್ಲು ಒಡೆದು ಕುಣಿ ತೋಡಿ, ಕೆಂಪು ಮಣ್ಣು, ಕುರಿಗೊಬ್ಬರ ತುಂಬಿ ಎರಡು ಹೊತ್ತು ನೀರು ಹಾಕಿದೆ. ಎಲೆ ಹಳದಿಯಾಯಿತು. ಇನ್ನಷ್ಟು ನೀರು ಹಾಕಿದೆ.

ಒಂದು ರವಿವಾರ ಕಾಕಾ ಬಂದು ಕುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದು ತಂಬಿಗೆ ನೀರು ಸುರಿದು ಎಷ್ಟೋ ಹೊತ್ತು ನೋಡಿದರು. ನೀರು ಇಂಗಲಿಲ್ಲ.

"ಇದು ಕುಣಿ ಅಲ್ಲರಿ ಸರ, ಕಲ್ಲಿನ ಬಾನಿ. ಗಿಡಕ್ಕ ನೀರು ಕುಡಸಲಿಕತ್ತಿಲ್ಲ ನೀವು, ಮುಳುಗಸಲಿಕತ್ತೀರಿ."

ಗಿಡವನ್ನು ಮಣ್ಣಿನ ಸಮೇತ ಬಕೆಟ್ಟಿಗೆ ಎತ್ತಿಟ್ಟು ನನ್ನ ಕೈಗೆ ಸುತ್ತಿಗೆ ಕೊಟ್ಟರು. ಎಲ್ಲಿ ಬಡಿಯಲಿ ಎಂದು ನಾನು ಅವರ ಕಿವಿಯ ಹತ್ತಿರ ಚೀರಿದೆ.

"ಕೂಗಬ್ಯಾಡ್ರಿ, ಬಡೀರಿ," ಎಂದರು.

ನಾನು ಕಲ್ಲು ಬಡಿಯುತ್ತ ಹೋದೆ. ಅವರು ಕಣ್ಣು ಮುಚ್ಚಿ, ಕಲ್ಲಿನ ಮೇಲೆ ಊರಿದ ಅಂಗೈಯನ್ನು ಗೇಣು ಗೇಣಾಗಿ ಮುಂದೆ ಸರಿಸುತ್ತ ಹೋದರು. ಮುದುಕರ ಹುಚ್ಚಾಟ ಎಂದು ಮನಸ್ಸಿನಲ್ಲೇ ಬೈದುಕೊಂಡದ್ದೂ ನಿಜ. ಕಾಂಪೌಂಡಿನ ಹತ್ತಿರ ಅವರ ಕೈ ನಿಂತಿತು.

"ಇಲ್ಲೀತನಕ ಕಲ್ಲು ನಡುಗತದ. ಇದರಾಚಿಗಿ ನಡುಗಲ್ಲ. ನಡುವ ಸಂದಿ ಅದರಿ."

ಹಾರೆಯಿಂದ ಮೇಲಿನ ಪದರು ಎಬ್ಬಿಸಿದೆವು. ಕೆಳಗಿನ ಕಲ್ಲಿನಲ್ಲಿ ಬೆರಳು ಹಿಡಿಸುವಷ್ಟು ಬಿರುಕು, ಅದರೊಳಗೆ ಕರಿಮಣ್ಣು. ಸುರಿದ ನೀರು ಗುಳುಗುಳು ಎಂದು ಇಳಿದುಹೋಯಿತು. ಮಕ್ಕಳಿಗೆ ವಿಜ್ಞಾನ ಕಲಿಸುವ ನಾನು ನಂಬಲಾಗದೆ ಇನ್ನೊಂದು ತಂಬಿಗೆ ಸುರಿದು ನೋಡಿದೆ. ಕಿವಿ ಕೇಳದ ಮನುಷ್ಯ ನೆಲದೊಳಗನ್ನು ಕೈಯಲ್ಲಿ ಓದಿದ್ದ. ಅಂಥ ವಿದ್ಯೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಅಲ್ಲಿ ನೆಟ್ಟ ಗಿಡ ಇದ್ದ ಎಲೆಗಳನ್ನೂ ಉದುರಿಸಿ ತಿಂಗಳುಗಟ್ಟಲೆ ಬರಿ ಕಡ್ಡಿಯಾಗಿ ನಿಂತಿತು. ನನ್ನ ಕೈ ಕೀಳಲು ತುರಿಸುತ್ತಿತ್ತು. ಕಾಕಾ ದಿನಾ ಬಂದು ಕಾವಲು ಕೂರುತ್ತಿದ್ದರು, ಗಿಡಕ್ಕಲ್ಲ, ನನಗೆ. ಕೊನೆಗೊಂದು ಬೆಳಗ್ಗೆ ಎಳೆ ಚಿಗುರು ಕಂಡಿತು. ಈಗ ಗಿಡ ನನ್ನ ತಲೆ ಮೀರಿ ಬೆಳೆದಿದೆ.

ಹೋದ ಚಳಿಗಾಲದಲ್ಲಿ ಕಾಕಾ ಮಲಗಿದಲ್ಲೇ ತೀರಿಕೊಂಡರು. ಮಳೆ ಬಿದ್ದ ಮೇಲೆ ಅವರ ಹೆಂಡತಿ, ಕಾಕಿ, ನನ್ನನ್ನು ಕರೆದರು. ಕಾಂಪೌಂಡಿನ ಆಚೆ, ಅವರ ಅಂಗಳದ ಎರಡು ಫರಸಿಗಳ ನಡುವೆ ಕರಿಬೇವಿನ ಮರಿಯೊಂದು ಎದ್ದಿತ್ತು. ಅದೇ ಸಂದಿ ಹಿಡಿದು ಬೇರು ಗೋಡೆಯ ಅಡಿಯಿಂದ ಅಲ್ಲಿಗೆ ಹೋಗಿತ್ತು. ನೆಲ ಎದ್ದೀತು, ಕಿತ್ತುಬಿಡುತ್ತೇನೆ ಎಂದೆ.

"ಇರ್ಲಿ ಬಿಡ್ರಿ," ಎಂದರು ಕಾಕಿ. "ಅವರು ತೋರಿಸಿದ ದಾರೀಲೆ ಬಂದದ."

ಒಂದು ಎಲೆ ಕಿತ್ತು ನನ್ನ ಕೈಗಿಟ್ಟರು. ಮೂಸಿದೆ, ಅವ್ವನ ಸಾರಿನ ವಾಸನೆ. ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಯಾರನ್ನು ನೆನೆದು ಎಂದು ಕಾಕಿ ಕೇಳಲಿಲ್ಲ. ಕೇಳಿದ್ದರೆ ಒಬ್ಬರ ಹೆಸರಷ್ಟೇ ಹೇಳಲು ನನ್ನಿಂದ ಆಗುತ್ತಿರಲಿಲ್ಲ.