ತಲೆಗೇರದ ಬಿಯರು

ಕಾಂಬೋಡಿಯದ ಬಟ್ಟಂಬಾಂಗ್ ಊರಿನ ಹೊಳೆದಂಡೆಯ ಹೋಟೆಲಿನಲ್ಲಿ ನಾನು ದನದ ಮಾಂಸ ಸುಡುವವಳು. ಗೆಳತಿ ಕೊಲಾಪ್ ಅಲ್ಲೇ ಬಿಯರು ಮಾರುವವಳು. ಅವಳಿಗೆ ಸಂಬಳ ಕೊಡುವುದು ಹೋಟೆಲಲ್ಲ, ಬಿಯರು ಕಂಪನಿ. ಕಂಪನಿ ಬದಲಾದಂತೆ ಲಂಗದ ಬಣ್ಣ ಬದಲಾಗುತ್ತದೆ. ಇಪ್ಪತ್ತಮೂರನೆಯ ವಯಸ್ಸಿಗೆ ಹಳದಿ ತೊಟ್ಟಳು, ಆಮೇಲೆ ಹಸಿರು, ಆಮೇಲೆ ಕಪ್ಪು. ಈಗ ಮೂವತ್ತೇಳು, ಕೆಂಪು ಬಿಳಿ ಪಟ್ಟೆಯ ಅಮೆರಿಕದ ಲಂಗ. ಥಾಯ್ಲೆಂಡಿಗೆ ಕೂಲಿಗೆ ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇಬ್ಬರು ಹೆಣ್ಣುಮಕ್ಕಳು ಹೈಸ್ಕೂಲಿನಲ್ಲಿದ್ದಾರೆ.

ಈ ಕೆಲಸವೆಂದರೆ ಡಬ್ಬಿ ತಂದಿಟ್ಟು ಹೋಗುವುದಲ್ಲ. ಲೋಟಕ್ಕೆ ಐಸು ಹಾಕಿ ಸುರಿಯಬೇಕು, ಗಿರಾಕಿ ಕರೆದರೆ ಲೋಟ ತಾಕಿಸಿ ಒಂದೇ ಸಲಕ್ಕೆ ಖಾಲಿ ಮಾಡಬೇಕು. ಒಲ್ಲೆ ಅಂದರೆ ಅವರು ಬೇರೆ ಲಂಗದವಳನ್ನು ಕರೆಯುತ್ತಾರೆ. ಹದಿನಾಲ್ಕು ವರ್ಷ ಹೀಗೆ ಕುಡಿದು ಅವಳ ಲಿವರ್ ಕೆಟ್ಟಿದೆ. ಹೋದ ವರ್ಷ ನನ್ನ ಒಲೆಯ ಹಿಂದೆ ರಕ್ತ ಕಾರಿದಾಗ ಆಸ್ಪತ್ರೆಗೆ ಕರೆದೊಯ್ದವಳು ನಾನು. ಕುಡಿಯುವುದು ಬಿಡದಿದ್ದರೆ ಬದುಕುವುದಿಲ್ಲ ಎಂದರು ಡಾಕ್ಟರು. ಬಿಟ್ಟರೆ ಮನೆ ನಡೆಯುವುದಿಲ್ಲ. ಅದಕ್ಕೇ ಅವಳು ಗೋಗರೆದು ಅಮೆರಿಕದ ಬಿಯರಿಗೆ ಬಂದಳು. ಅದು ಮೊದಲೇ ತೆಳು. ಐಸು ಕರಗಿದರೆ ಹೆಚ್ಚುಕಮ್ಮಿ ನೀರು. ಈ ಗುಟ್ಟು ನನ್ನೊಬ್ಬಳಿಗೆ ಗೊತ್ತು. ರೋಗಿಷ್ಠೆ ಎಂದು ತಿಳಿದರೆ ಯಾವ ಕಂಪನಿಯೂ ಇಟ್ಟುಕೊಳ್ಳುವುದಿಲ್ಲ.

ಆದರೆ ನೀರನ್ನು ಯಾರು ಕೊಳ್ಳುತ್ತಾರೆ? ದಿನಾ ಬರುವ ತುನ್ ಮೇಷ್ಟ್ರು, ನಿವೃತ್ತರು, ಅವಳನ್ನು ಕಂಡರೆ ಸಾಕು, ಶುರು ಮಾಡುತ್ತಿದ್ದರು.

"ಏನಮ್ಮಾ ಕೊಲಾಪ್, ಇದು ಬಿಯರಾ, ಲೋಟ ತೊಳೆದ ನೀರಾ?"

"ನೀರು ಆರೋಗ್ಯಕ್ಕೆ ಒಳ್ಳೇದು ಮೇಷ್ಟ್ರೇ. ಎರಡು ಡಬ್ಬಿ ತರ್ಲಾ?"

"ನಮ್ಮ ದೇಶದ ಡಬ್ಬೀಲಿ ಮುಚ್ಚಳದ ಉಂಗುರ ಕಿತ್ತರೆ ಕೆಳಗೆ ಬಹುಮಾನ ಇರುತ್ತೆ. ಅಮೆರಿಕದವನು ಅಷ್ಟು ದೊಡ್ಡ ಸಾಹುಕಾರ, ಉಂಗುರದ ಕೆಳಗೂ ಏನೂ ಇಟ್ಟಿಲ್ಲ, ಡಬ್ಬಿ ಒಳಗೂ ಏನೂ ಇಟ್ಟಿಲ್ಲ!"

ಒಂದು ದಿನ ಕಂಪನಿಯ ಮೇಲ್ವಿಚಾರಕ ವಿಚೆತ್ ಬಂದು ಕೊಲಾಪಳಿಗೆ ಹೇಳಿದ: "ಅಕ್ಕಾ, ಶನಿವಾರ ಅಮೆರಿಕದಿಂದ ಸಾಹೇಬ್ರು ಬರ್ತಾರೆ. ನಮ್ಮ ಬಿಯರು ಯಾರೂ ಕುಡೀತಿಲ್ಲ ಅಂತ ಕಂಡ್ರೆ ಈ ಊರಿಂದ ತೆಗೆದುಬಿಡ್ತಾರೆ. ನಿಮ್ಮ ವಯಸ್ಸಿಗೆ ಬೇರೆ ಲಂಗ ಸಿಗಲ್ಲ."

ಕೆಲಸ ಹೋಗುತ್ತದೆ ಎಂದಷ್ಟೇ ಅವಳು ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರದು ಮೆತ್ತನೆ ಮನಸ್ಸು. ಶನಿವಾರ ಸಂಜೆ ಮೂವರು ಗೆಳೆಯರನ್ನು ಕಟ್ಟಿಕೊಂಡು ಬಂದರು. ಮೇಜಿನ ತುಂಬ ಅಮೆರಿಕದ ಡಬ್ಬಿ. ಸಾಹೇಬನನ್ನು ನಡುವೆ ಕೂರಿಸಿ, ಅವನು ಬೇಡ ಬೇಡ ಎಂದರೂ ಲೋಟಕ್ಕೆ ಐಸು ಸುರಿದರು. ಅವನು ನಕ್ಕು, "ನಿಜ ಹೇಳಿ, ನಮ್ಮ ಬಿಯರು ಹೇಗಿದೆ?" ಎಂದ.

ಬಂದ ಅತಿಥಿಯ ಎದುರು ಅವನ ಪದಾರ್ಥವನ್ನು ಹಳಿಯುವವರು ನಮ್ಮಲ್ಲಿಲ್ಲ. ಮೇಷ್ಟ್ರು ತಮಗೆ ಬರುವ ಇಂಗ್ಲಿಷಿನಲ್ಲಿ ಬಾಯ್ತುಂಬ ಹೊಗಳಿದರು. "ಬಹಳ ಒಳ್ಳೇ ಬಿಯರು ಸಾರ್! ಬೆಳಗಿಂದ ಸಂಜೇವರೆಗೂ ಕುಡೀರಿ, ತಲೆಗೆ ಏರೋದೇ ಇಲ್ಲ. ಬಸುರಿಗೂ ಕೊಡಬಹುದು!"

ಸಾಹೇಬ ನಗುವುದನ್ನು ನಿಲ್ಲಿಸಿ ಏನೋ ಬರೆದುಕೊಂಡ. ಕೊಲಾಪಳ ಕೆಲಸ ಹೋಯಿತು ಎಂದುಕೊಂಡೆ.

ಹೋಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ವಿಚೆತ್ ಹೊಸ ಡಬ್ಬಿಗಳನ್ನು ಇಳಿಸಿದ.

"ಅಕ್ಕಾ, ಬದುಕ್ಕೊಂಡ್ರಿ! ಮೇಷ್ಟ್ರ ಮಾತು ಕೇಳಿ ಸಾಹೇಬ್ರು ನಮ್ಮ ದೇಶಕ್ಕೇಂತ ಬೇರೆ ಮಾಡಿಸಿದಾರೆ. ಹಳೇದರ ಎರಡರಷ್ಟು ಖಡಕ್ಕು!"

ಆ ಸಂಜೆ ಮೇಷ್ಟ್ರು ಕೂಗಿ ಕರೆದರು. "ಬಾಮ್ಮಾ ಕೊಲಾಪ್, ನಿನಗೋಸ್ಕರ ಗೆದ್ವಿ. ಮೊದಲ್ನೇ ಲೋಟ ನಿಂದೇ!"

ಇಂದು ಹೇಳಿಯೇಬಿಡುತ್ತೇನೆ ಎಂದು ನಾನು ಇಕ್ಕಳ ಹಿಡಿದೇ ನುಗ್ಗಿದೆ. ಅವಳು ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದಳು. ಲೋಟ ಎತ್ತಿ ಒಂದೇ ಸಲಕ್ಕೆ ಖಾಲಿ ಮಾಡಿದಳು. ಮುದುಕರು ಚಪ್ಪಾಳೆ ತಟ್ಟಿದರು. ಅವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಅವಳಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದರು.

ಅವಳು ಒಲೆಯ ಹತ್ತಿರ ಬಂದು ಹೊಟ್ಟೆ ಹಿಡಿದು ಕೂತಳು. "ಅಕ್ಕಾ, ಇದು ನಿಜವಾಗ್ಲೂ ಬಿಯರೇ ಕಣೇ," ಎಂದಳು.

ಅಷ್ಟರಲ್ಲಿ ಎರಡು ಮೇಜಿನವರು ಒಟ್ಟಿಗೆ ಅವಳ ಹೆಸರು ಕೂಗಿದರು. ಆ ಲಂಗ ತೊಟ್ಟ ಮೇಲೆ ಹಾಗಾಗಿದ್ದು ಅದೇ ಮೊದಲು. ನನ್ನ ಹೆಗಲು ಹಿಡಿದು ಎದ್ದು ಹೋದಳು.